ಡಾನರ್ ಸರೋವರದ ದಂಡೆಯಲ್ಲಿ ಬುತ್ತಿ ಬಿಚ್ಚಿದಾಗ

ಬೇಸಿಗೆ ಹತ್ತಿರವಾಗುತ್ತಲೇ ಕ್ಯಾಲಿಫೋರ್ನಿಯಾದ ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದೇ ವಿಚಾರಣೆ: ಯೊಸೆಮಿಟಿಯಲ್ಲಿ ಟೆಂಟಿಗೆ ಜಾಗ ಸಿಕ್ಕಿತಾ, ಟಾಹೊದಲ್ಲಿ ಸಿಕ್ಕಿತಾ? ಟಾಹೊ ಕಡೆಗೆ ಹೋಗುವ ಐ-80 ಹೆದ್ದಾರಿಯಲ್ಲೇ, ಟ್ರಕೀ ಊರು ಬರುವುದಕ್ಕೆ ಸ್ವಲ್ಪ ಮೊದಲು, ರಸ್ತೆಗೆ ತಾಗಿಕೊಂಡೇ ಒಂದು ಸಣ್ಣ ಪಾರ್ಕ್ ಇದೆ. ಡಾನರ್ ಮೆಮೋರಿಯಲ್ ಸ್ಟೇಟ್ ಪಾರ್ಕ್. ಸ್ಯಾಕ್ರಮೆಂಟೊದಿಂದ ಎರಡು ಗಂಟೆಯೊಳಗೆ ತಲುಪಬಹುದು. ಮೂರು ಮೈಲಿ ಉದ್ದದ ಸರೋವರ, ಅದರ ಪೂರ್ವದ ತುದಿಯಲ್ಲಿ ಪೈನ್ ಮರಗಳ ನಡುವೆ ಕ್ಯಾಂಪ್‌ಗ್ರೌಂಡ್, ಪಕ್ಕದಲ್ಲೇ ಹರಿಯುವ ತೊರೆ. ಸಮುದ್ರಮಟ್ಟದಿಂದ ಸುಮಾರು 5,900 ಅಡಿ. ಪಶ್ಚಿಮಕ್ಕೆ ತಲೆ ಎತ್ತಿ ನೋಡಿದರೆ ಬೂದುಬಣ್ಣದ ಗ್ರಾನೈಟ್ ಗೋಡೆಯ ಹಾಗೆ ನಿಂತ ಸಿಯೆರಾ ನೆವಾಡದ ನೆತ್ತಿ, ಅದರಲ್ಲಿ ಒಂದು ತಗ್ಗು. ಅದೇ ಡಾನರ್ ಪಾಸ್, 7,000 ಅಡಿಗೂ ಎತ್ತರದ ಕಣಿವೆದಾರಿ.

ಈ ಹೆಸರು ಕೇಳಿದರೆ ಇಲ್ಲಿ ಹುಟ್ಟಿ ಬೆಳೆದವರ ಮುಖ ಒಂದು ಕ್ಷಣ ಬದಲಾಗುತ್ತದೆ. "ಮನುಷ್ಯರು ಮನುಷ್ಯರನ್ನು ತಿಂದ ಜಾಗ ಅದೇ ಅಲ್ಲವಾ?" ಎಂದು ನನ್ನ ಜೊತೆ ಕೆಲಸ ಮಾಡುವವರೆಲ್ಲ ಕೇಳಿದ್ದಾರೆ. ಹೌದು, ಅದೇ ಜಾಗ. ಆದರೆ ಅಲ್ಲಿ ಟೆಂಟ್ ಹಾಕಿ, ಅಡುಗೆ ಮಾಡಿ, ಉಂಡು, ಆ ಬಂಡೆ ಆ ತೊರೆಗಳ ನಡುವೆ ಓಡಾಡಿದ ಮೇಲೆ ನನಗೆ ಆ ಒಂದು ಮಾತಿಗೇ ಇಡೀ ಜಾಗವನ್ನು ಕಟ್ಟಿಹಾಕುವುದು ದೊಡ್ಡ ಅನ್ಯಾಯ ಅನ್ನಿಸಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗದ ಸುಖ ಹೇಳಿಬಿಡುತ್ತೇನೆ, ಅದು ಸಣ್ಣದಲ್ಲ. ಜುಲೈ ತಿಂಗಳಲ್ಲೂ ರಾತ್ರಿ ಸ್ವೆಟರ್ ಬೇಕು. ಹಗಲು ಬಿಸಿಲು ಚುರುಗುಟ್ಟುತ್ತದೆ, ಮರದ ನೆರಳಿಗೆ ಬಂದರೆ ತಕ್ಷಣ ತಂಪು. ಬೆಳಿಗ್ಗೆ ಸರೋವರದಲ್ಲಿ ಒಂದು ಅಲೆಯೂ ಇರುವುದಿಲ್ಲ. ಕಯಾಕ್ ನಡೆಸುವವರು ಆ ಹೊತ್ತಿಗೇ ನೀರಿಗಿಳಿಯಬೇಕು, ಮಧ್ಯಾಹ್ನದ ಮೇಲೆ ಪಶ್ಚಿಮದ ಗಾಳಿ ಎದ್ದು ತೋಳು ಸೋಲಿಸುತ್ತದೆ. ಪಾರ್ಕಿನೊಳಗೆ ಚೈನಾ ಕೋವ್ ಎಂಬ ಪುಟ್ಟ ಮರಳಿನ ದಂಡೆಯಿದೆ, ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ. ನೀರು ಹಿಮ ಕರಗಿ ಬಂದದ್ದು. ಮೊದಲು ಕಾಲಿಟ್ಟಾಗ ಮೂಳೆಯವರೆಗೂ ಕೊರೆಯುತ್ತದೆ, ಮುಳುಗಿ ಎದ್ದರೆ ಮೈಯೆಲ್ಲ ಹಗುರ.

ಇಲ್ಲಿನ ಮರಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಜೆಫ್ರಿ ಪೈನ್. ತೊಗಟೆ ದಪ್ಪ, ಆಳವಾಗಿ ಬಿರುಕುಬಿಟ್ಟು ಹಲಗೆ ಹಲಗೆಯಾಗಿರುತ್ತದೆ. ಬಿಸಿಲು ಚೆನ್ನಾಗಿ ಬಿದ್ದ ಕಡೆ ಆ ಬಿರುಕಿಗೆ ಮೂಗು ತಾಗಿಸಿದರೆ ವೆನಿಲಾ ಪರಿಮಳ. ನನ್ನ ಮಗಳು ಮೊದಲ ಸಲ ಮೂಸಿದವಳು ನಂಬಲಿಲ್ಲ. ಇನ್ನೊಂದು ಮರಕ್ಕೆ ಹೋದಳು, ಮತ್ತೊಂದಕ್ಕೆ ಹೋದಳು, ಕೊನೆಗೆ ಅಜ್ಜಿಯ ಕೈ ಹಿಡಿದು ಎಳೆದುಕೊಂಡು ಹೋಗಿ ಮೂಸಿಸಿದಳು. ತೀರ್ಥಹಳ್ಳಿ ಕಡೆಯ ಕಾಡು ನೋಡಿ ಬೆಳೆದ ಅಮ್ಮ ತೊಗಟೆಯ ಒಂದು ಚಕ್ಕೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ಪಾಯಸಕ್ಕೆ ಹಾಕೋ ಹಾಗಿದೆ ಕಣೇ" ಅಂದರು. ಸೀರೆಯ ಮೇಲೆ ಜಾಕೆಟ್, ಕಾಲಿಗೆ ನನ್ನ ಬೂಟು. ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಅಷ್ಟು ಹೊತ್ತಿಗೆ ಅಂಗಡಿ ಮಾಲ್ ನೋಡಿ ಬೇಸತ್ತಿದ್ದರು. ಈ ಕಾಡಲ್ಲಿ ಅವರ ನಡಿಗೆಯೇ ಬೇರೆಯಾಯಿತು.

ಕ್ಯಾಂಪ್‌ಗ್ರೌಂಡಿನಲ್ಲಿ ಪ್ರತಿ ಟೆಂಟಿನ ಜಾಗಕ್ಕೂ ಒಂದು ಮರದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಜೊತೆಗೆ ಒಂದು ದೊಡ್ಡ ಲೋಹದ ಪೆಟ್ಟಿಗೆ. ಕರಡಿ ಬಿಚ್ಚಲಾಗದ ಪೆಟ್ಟಿಗೆ ಅದು. ಅಕ್ಕಿ, ಬೇಳೆ, ಹಣ್ಣು ಮಾತ್ರವಲ್ಲ, ವಾಸನೆ ಇರುವುದೆಲ್ಲ ಅದರೊಳಗೆ ಹೋಗಬೇಕು: ಸೋಪು, ಟೂತ್‌ಪೇಸ್ಟು, ಅಮ್ಮನ ಕೊಬ್ಬರಿ ಎಣ್ಣೆ ಸೀಸೆ, ಮಗುವಿನ ಬ್ಯಾಗಿನ ಮೂಲೆಯಲ್ಲಿ ಮರೆತ ಚಾಕಲೇಟು. ಕಾರಿನಲ್ಲಿಟ್ಟರೂ ಕರಡಿ ಬಾಗಿಲು ಕೀಳುತ್ತದೆ. ಇದು ಕರಡಿಯ ಒಳಿತಿಗೂ ಹೌದು. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲುವ ಸಂದರ್ಭ ಬರುತ್ತದೆ. ಹಾಗಾಗಿ ರಾತ್ರಿ ಮಲಗುವ ಮುಂಚೆ ಟಾರ್ಚ್ ಹಿಡಿದು ಮೇಜಿನ ಕೆಳಗೆ ಬಿದ್ದ ಅಗುಳನ್ನೂ ಆರಿಸಿ ಪೆಟ್ಟಿಗೆಯ ಚಿಲಕ ಹಾಕುವುದು ನಮ್ಮ ಮನೆಯಲ್ಲಿ ಈಗ ಮಕ್ಕಳಿಗೂ ಗೊತ್ತಿರುವ ಕೆಲಸ.

ಆ ಎತ್ತರದಲ್ಲಿ ಬೇಳೆ ಬೇಯಿಸುವುದೂ ಒಂದು ಪಾಠ. ನೀರು ಸುಮಾರು 94 ಡಿಗ್ರಿಗೇ ಕುದಿಯಲು ಶುರುವಾಗುತ್ತದೆ. ಕೊತಕೊತ ಕುದಿಯುವುದು ಕಾಣುತ್ತದೆ, ತೊಗರಿಬೇಳೆ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ನಾವು ಚಿಕ್ಕ ಕುಕ್ಕರ್ ಒಯ್ಯುತ್ತೇವೆ. ಪೈನ್ ಮರಗಳ ನಡುವೆ ಕುಕ್ಕರಿನ ಸೀಟಿ ಕೂಗಿದಾಗ ನೀಲಿ ಮೈಯ ಕಪ್ಪು ಜುಟ್ಟಿನ ಸ್ಟೆಲರ್ ಜೇ ಹಕ್ಕಿಗಳು ಕಿರುಚಿಕೊಂಡು ಹಾರಿದವು. ಸಾರಿಗೆ ಒಗ್ಗರಣೆ ಬಿದ್ದ ಕೂಡಲೇ ವಾಪಸು ಬಂದು ಮೇಜಿನ ಸುತ್ತ ಕೂತವು. ಉಳಿದಂತೆ ನಮ್ಮ ಬುತ್ತಿ ಕಟ್ಟಾ ಕರ್ನಾಟಕದ್ದು. ಗೊಜ್ಜವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು, ಉಪ್ಪಿನಕಾಯಿ. ಎರಡು ರಾತ್ರಿ ಇರಲು ಬಂದವರು ಒಂದು ವಾರಕ್ಕಾಗುವಷ್ಟು ತಂದಿದ್ದೆವು. ಈ ಪಾರ್ಕಿನಲ್ಲಿ ಊಟದ ಮುಂದೆ ಕೂತಾಗ ಆ ಲೆಕ್ಕ ಬೇರೆಯೇ ಭಾರವಾಗುತ್ತದೆ.

ಯಾಕೆಂದರೆ ಟೆಂಟಿನಿಂದ ಸ್ವಲ್ಪ ದೂರ ನಡೆದರೆ, 1846ರ ಚಳಿಗಾಲದಲ್ಲಿ ಇಲ್ಲಿ ಹಿಮಕ್ಕೆ ಸಿಕ್ಕಿಬಿದ್ದ ವಲಸೆಗಾರರ ಸ್ಮಾರಕವಿದೆ. 1918ರ ಜೂನ್ ತಿಂಗಳಲ್ಲಿ ಅನಾವರಣಗೊಂಡದ್ದು. ಕಂಚಿನಲ್ಲಿ ಒಂದು ವಲಸೆ ಕುಟುಂಬ: ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡುವ ಗಂಡಸು, ತೋಳಲ್ಲಿ ಕೂಸು ಹೊತ್ತ ಹೆಂಗಸು. ಅವರು ನಿಂತಿರುವ ಕಲ್ಲಿನ ಪೀಠದ ಎತ್ತರ 22 ಅಡಿ. ಆ ಚಳಿಗಾಲದಲ್ಲಿ ಇಲ್ಲಿ ಬಿದ್ದ ಹಿಮದ ಆಳ ಅಷ್ಟಿತ್ತು ಎಂದು ತೋರಿಸಲು ಪೀಠವನ್ನು ಅಷ್ಟು ಎತ್ತರ ಕಟ್ಟಿದರು. ಜನ ಹಿಮದ ಮೇಲೆ ನಿಂತು ಸೌದೆಗೆ ಮರ ಕಡಿದಿದ್ದರು. ಹಿಮ ಕರಗಿದ ಮೇಲೆ ಆ ಬೊಡ್ಡೆಗಳು ನೆಲದಿಂದ ಎಷ್ಟೋ ಅಡಿ ಮೇಲೆ ತುಂಡಾಗಿ ನಿಂತಿದ್ದವು. 1860ರ ದಶಕದಲ್ಲೂ ಆ ಬೊಡ್ಡೆಗಳ ಫೋಟೊ ತೆಗೆದವರಿದ್ದಾರೆ. ಪೀಠದ ಬುಡದಲ್ಲಿ ನಿಂತು ಮೇಲೆ ನೋಡಿದರೆ ಕಂಚಿನ ಮನುಷ್ಯನ ಪಾದ ನನ್ನ ತಲೆಯ ಮೇಲೆ ಎಲ್ಲೋ ಇರುತ್ತದೆ. ಅಮ್ಮ ಕತ್ತೆತ್ತಿ ನೋಡುತ್ತ ನಿಂತವರು ತಗ್ಗಿಸಲು ತುಂಬ ಹೊತ್ತು ಹಿಡಿಯಿತು.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 1846ರಲ್ಲಿ ಇಲಿನಾಯ್ ಮುಂತಾದ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಗೆ ಹೊರಟ ಕುಟುಂಬಗಳು. ಕೊನೆಗೆ ಒಂದೇ ತಂಡವಾಗಿ ಉಳಿದವರು 87 ಮಂದಿ, ಅದರಲ್ಲಿ ಅರ್ಧದಷ್ಟು ಮಕ್ಕಳೇ. ದಾರಿಯಲ್ಲಿ ಹೇಸ್ಟಿಂಗ್ಸ್ ಎಂಬಾತ ಪ್ರಚಾರ ಮಾಡಿದ ಒಳದಾರಿ ಹಿಡಿದರು. ಅದನ್ನು ಬರೆದು ಹಂಚಿದಾಗ ಆತನೇ ಆ ದಾರಿಯಲ್ಲಿ ನಡೆದಿರಲಿಲ್ಲ. ಬೆಟ್ಟದಲ್ಲಿ ಮರ ಕಡಿದು ದಾರಿ ಮಾಡಿಕೊಳ್ಳುವುದರಲ್ಲಿ, ಉಪ್ಪಿನ ಮರುಭೂಮಿಯಲ್ಲಿ ಎತ್ತು ಕಳೆದುಕೊಳ್ಳುವುದರಲ್ಲಿ ವಾರಗಟ್ಟಲೆ ಹೋಯಿತು. ಅಕ್ಟೋಬರ್ ಕೊನೆಗೆ ಈ ಸರೋವರದ ಹತ್ತಿರ ಬಂದರು. ಕಣಿವೆದಾರಿ ಕಣ್ಣೆದುರೇ ಇತ್ತು. ಹಿಮ ಮೊದಲೇ ಬಿದ್ದಿತ್ತು. ಹತ್ತಲು ನೋಡಿ ಆಗದೆ ಇಳಿದುಬಂದು, ಸರೋವರದ ಹತ್ತಿರ ಮರದ ದಿಮ್ಮಿಗಳ ಗುಡಿಸಲುಗಳಲ್ಲಿ ಉಳಿದರು. ಡಾನರ್ ಕುಟುಂಬದವರು ಇನ್ನೂ ಹಿಂದೆ, ಕೆಲವು ಮೈಲಿ ದೂರದ ಆಲ್ಡರ್ ಕ್ರೀಕ್‌ನಲ್ಲಿ ಟೆಂಟು, ಕೊಂಬೆಗಳ ಮರೆಯಲ್ಲಿ ಸಿಕ್ಕಿಕೊಂಡರು. ಹೊರಗಿನವರು ಬಂದು ಮುಟ್ಟಿದ್ದು ಫೆಬ್ರವರಿಯಲ್ಲಿ. ಕೊನೆಯವನನ್ನು ಕರೆದೊಯ್ದದ್ದು ಏಪ್ರಿಲ್‌ನಲ್ಲಿ. ಹತ್ತಿರ ಹತ್ತಿರ ಅರ್ಧ ಜನ ಸತ್ತರು.

ಪಾರ್ಕಿನೊಳಗೆ ಸಣ್ಣ ಕಾಲುದಾರಿಯಲ್ಲಿ ಹೋದರೆ ಒಂದು ದೊಡ್ಡ ಬಂಡೆ ಸಿಗುತ್ತದೆ. ಆ ತಂಡದ ಮರ್ಫಿ ಕುಟುಂಬದ ಗುಡಿಸಲಿಗೆ ಅದೇ ಒಂದು ಕಡೆಯ ಗೋಡೆಯೂ ಒಲೆಯ ಹಿಂಬದಿಯೂ ಆಗಿತ್ತು. ಈಗ ಅದರ ಮೇಲೆ ಕಂಚಿನ ಫಲಕದಲ್ಲಿ ಹೆಸರುಗಳಿವೆ, ಸತ್ತವರದ್ದು ಮತ್ತು ಬದುಕಿದವರದ್ದು. ಬಂಡೆಯ ಮುಂದೆ ನಿಂತರೆ ಗುಡಿಸಲು ಎಷ್ಟು ಚಿಕ್ಕದಿದ್ದಿರಬೇಕು ಎಂಬುದು ಯಾರೂ ಹೇಳದೆ ಗೊತ್ತಾಗುತ್ತದೆ. ಚಾವಣಿಗೆ ಎತ್ತಿನ ತೊಗಲು ಹೊದಿಸಿದ್ದರು. ತಿನ್ನಲು ಬೇರೇನೂ ಇಲ್ಲದಾಗ ಆ ಚಾವಣಿಯ ತೊಗಲನ್ನೇ ತುಂಡು ತುಂಡಾಗಿ ಕತ್ತರಿಸಿ, ಕೂದಲು ಸುಟ್ಟು, ಅಂಟಾಗುವವರೆಗೆ ಕುದಿಸಿ ತಿಂದರು. ತಿಂದಷ್ಟೂ ಮೇಲಿನ ಸೂರು ಕರಗುತ್ತಾ ಹೋಯಿತು.

ಇದೆಲ್ಲ ಇಷ್ಟು ವಿವರವಾಗಿ ಗೊತ್ತಿರುವುದಕ್ಕೆ ಒಂದು ಕಾರಣ ಪ್ಯಾಟ್ರಿಕ್ ಬ್ರೀನ್. ಐರ್ಲೆಂಡಿನಿಂದ ಬಂದ ರೈತ. ನವೆಂಬರ್ 20ರಿಂದ ಮಾರ್ಚ್ 1ರವರೆಗೆ ದಿನಚರಿ ಬರೆದಿಟ್ಟ. ಆ ಹಾಳೆಗಳು ಈಗ ಬರ್ಕ್ಲಿಯ ಬ್ಯಾಂಕ್ರಾಫ್ಟ್ ಲೈಬ್ರರಿಯಲ್ಲಿವೆ. ಅಲಂಕಾರವೇ ಇಲ್ಲದ ಬರವಣಿಗೆ: ಗಾಳಿ ಯಾವ ಕಡೆಯಿಂದ, ಹಿಮ ಎಷ್ಟು, ಸೌದೆ ತರಲು ಯಾರಿಗೆ ಶಕ್ತಿಯಿದೆ, ಯಾರು ತೀರಿಕೊಂಡರು, ನಡುನಡುವೆ ದೇವರಿಗೆ ಒಂದು ಬೇಡಿಕೆ. ಅದರ ಕೊನೆಯ ಭಾಗದಲ್ಲಿ, ಫೆಬ್ರವರಿ 28ರಂದು, ನನ್ನನ್ನು ಬಿಟ್ಟುಹೋಗದ ಒಂದು ನಮೂದಿದೆ. ಹಿಂದಿನ ದಿನ ಒಬ್ಬನೇ ಒಬ್ಬ ಮೂಲನಿವಾಸಿ ಬೆನ್ನ ಮೇಲೆ ಭಾರದ ಹೊರೆ ಹೊತ್ತು ಸರೋವರದ ಕಡೆಯಿಂದ ಬಂದು, ಐದಾರು ಗೆಡ್ಡೆ ಕೊಟ್ಟು ಹೋದ. ನೋಡಲು ಈರುಳ್ಳಿಯ ಹಾಗೆ, ರುಚಿ ಸ್ವಲ್ಪ ಸಿಹಿಗೆಣಸಿನ ಹಾಗೆ, ತುಂಬ ನಾರು. ಅಷ್ಟೇ ಬರೆದಿದ್ದಾನೆ. ಕೊಟ್ಟವನ ಹೆಸರಿಲ್ಲ.

ಇದು ವಾಷೋ ಎಂಬ ಮೂಲನಿವಾಸಿ ಜನರ ನೆಲ. ಈ ಹಿಮದಲ್ಲಿ ಎಲ್ಲಿ ಏನು ಸಿಗುತ್ತದೆ, ಯಾವಾಗ ಇಳಿದು ಹೋಗಬೇಕು ಎಂಬುದನ್ನು ಸಾವಿರಾರು ವರ್ಷ ಬಾಳಿ ತಿಳಿದವರು. ತಮ್ಮ ಹಿರಿಯರು ಆ ಚಳಿಗಾಲದಲ್ಲಿ ಸಿಕ್ಕಿಬಿದ್ದವರಿಗೆ ಆಹಾರ ತಂದಿಡಲು ನೋಡಿದರು, ಹತ್ತಿರ ಹೋದಾಗ ಗುಂಡು ಹಾರಿಸಿದರು ಎಂಬ ನೆನಪು ಅವರ ಮನೆಮಾತಿನಲ್ಲಿ ಉಳಿದುಬಂದಿದೆ. ಬ್ರೀನನ ದಿನಚರಿಯ ಆ ಐದಾರು ಗೆಡ್ಡೆಗಳ ಪಕ್ಕದಲ್ಲಿಟ್ಟು ನೋಡಿದರೆ ನನಗೆ ಆ ನೆನಪು ನಂಬುವಂಥದ್ದೇ ಅನ್ನಿಸುತ್ತದೆ. ಹಸಿದವರು ಮತ್ತು ಉಣ್ಣಿಸಬಲ್ಲವರು ಒಂದೇ ದಂಡೆಯಲ್ಲಿದ್ದರು, ನಡುವೆ ಭಯವಿತ್ತು. ಈ ಸರೋವರದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಸಂಕಟ ಕೊಡುವುದು ಇದು.

ಇನ್ನು ಜನ ಪಿಸುಗುಟ್ಟುವ ಆ ವಿಷಯ. ಅದು ನಡೆಯಿತು, ಬದುಕಿಬಂದವರ ಮಾತುಗಳಲ್ಲೇ ಇದೆ. ಡಿಸೆಂಬರ್ 16ರಂದು ಕೆಲವರು ಎತ್ತಿನ ನೊಗದ ಕಮಾನು ಸೀಳಿ, ತೊಗಲಿನ ಪಟ್ಟಿ ಬಿಗಿದು, ಹಿಮದಲ್ಲಿ ಕಾಲು ಹೂಳದಂತೆ ಕಟ್ಟಿಕೊಳ್ಳುವ ಸ್ನೋಶೂ ಮಾಡಿಕೊಂಡು, ಸಹಾಯ ತರಲು ಕಣಿವೆ ಹತ್ತಿದರು. ಇಬ್ಬರು ತಿರುಗಿ ಬಂದರು, 15 ಜನ ಮುಂದೆ ನಡೆದರು. ಆರು ದಿನದ ಬುತ್ತಿ ಇಟ್ಟುಕೊಂಡು ಹೊರಟವರು ಒಂದು ತಿಂಗಳಿಗೂ ಹೆಚ್ಚು ನಡೆದರು. ಎಂಟು ಗಂಡಸರು ಸತ್ತರು. ತಲುಪಿದ್ದು ಇಬ್ಬರು ಗಂಡಸರು, ಐವರು ಹೆಂಗಸರು. ಹೊರಟಿದ್ದ ಹೆಂಗಸರು ಐವರೇ, ಒಬ್ಬರೂ ಬೀಳಲಿಲ್ಲ. ನಡುದಾರಿಯಲ್ಲಿ ಸತ್ತವರ ದೇಹವೇ ಉಳಿದವರಿಗೆ ಆಹಾರವಾಯಿತು. ಅದಕ್ಕಿಂತ ಹೇಳಲು ಕಷ್ಟವಾದದ್ದು ಲೂಯಿಸ್ ಮತ್ತು ಸಾಲ್ವಡೋರ್ ಎಂಬ ಇಬ್ಬರು ಮಿವೊಕ್ ಮೂಲನಿವಾಸಿ ಯುವಕರ ಕೊಲೆ. ಅವರು ಈ ತಂಡದವರೇ ಅಲ್ಲ. ಬೆಟ್ಟದ ಆಚೆಯ ಸಟರ್ಸ್ ಫೋರ್ಟ್ ಎಂಬ ಕೋಟೆಯಿಂದ ಹೇಸರಗತ್ತೆಗಳ ಮೇಲೆ ಆಹಾರ ಹೊರಿಸಿಕೊಂಡು ಇವರನ್ನು ಉಳಿಸಲೆಂದೇ ಬಂದವರು, ಬಂದದ್ದಕ್ಕೆ ಹಿಮದಲ್ಲಿ ಸಿಕ್ಕಿಕೊಂಡವರು. ಅವರನ್ನು ಗುಂಡಿಟ್ಟು ಕೊಂದು ತಿಂದರು. ಹಸಿವಿನಿಂದ ಸತ್ತವರನ್ನು ತಿಂದದ್ದನ್ನು ನಾನು ತೀರ್ಪು ಹೇಳಲಾರೆ. ಇದನ್ನು ಕೊಲೆ ಎಂದೇ ಕರೆಯುತ್ತೇನೆ.

ಅವರ ಜೊತೆ ಆಹಾರ ತಂದಿದ್ದವನು ಚಾರ್ಲ್ಸ್ ಸ್ಟ್ಯಾಂಟನ್. ಅವನದು ಈ ಕಥೆಯಲ್ಲಿ ನಾನು ಎಲ್ಲರಿಗೂ ಹೇಳುವ ಹೆಸರು. ಈ ತಂಡದಲ್ಲಿ ಅವನಿಗೆ ಹೆಂಡತಿ ಮಕ್ಕಳು, ನೆಂಟರು ಯಾರೂ ಇರಲಿಲ್ಲ. ಮರುಭೂಮಿಯಲ್ಲಿ ಆಹಾರ ಮುಗಿಯುತ್ತಾ ಬಂದಾಗ ಮುಂದೆ ಹೋಗಿ ತರಲು ಕಳಿಸಿದರು. ಅವನು ಬೆಟ್ಟ ದಾಟಿ ಕ್ಯಾಲಿಫೋರ್ನಿಯಾ ತಲುಪಿದ, ಬದುಕಿಕೊಂಡ. ಅಲ್ಲೇ ಉಳಿದಿದ್ದರೆ ಕೇಳುವವರಿರಲಿಲ್ಲ. ಏಳು ಹೇಸರಗತ್ತೆ, ಲೂಯಿಸ್, ಸಾಲ್ವಡೋರ್ ಜೊತೆ ಮತ್ತೆ ಬೆಟ್ಟ ಹತ್ತಿ ವಾಪಸು ಬಂದ. ಸ್ನೋಶೂ ಕಟ್ಟಿಕೊಂಡು ಹೊರಟ ತಂಡದಲ್ಲೂ ಇದ್ದ. ಹಿಮದ ಬೆಳಕಿಗೆ ಕಣ್ಣು ಕುರುಡಾಗಿ, ಕಾಲು ಸೋತು, ಒಂದು ಬೆಳಿಗ್ಗೆ ಪೈಪು ಸೇದುತ್ತಾ ಕೂತ. ಬರುತ್ತೀಯಾ ಎಂದು ಕೇಳಿದಾಗ, ಬೇಗ ಬರುತ್ತೇನೆ ಎಂದನಂತೆ. ಬರಲಿಲ್ಲ.

ಅದೇ ತಂಡದ ವಿಲಿಯಂ ಈಡಿ ನವೆಂಬರಿನಲ್ಲಿ ಸರೋವರದ ಹತ್ತಿರ ಒಂದು ಗ್ರಿಜ್ಲಿ ಕರಡಿ ಹೊಡೆದಿದ್ದ. ದಾರಿಯಲ್ಲಿ ಬುತ್ತಿ ಮುಗಿದಾಗ ತನ್ನ ಚೀಲ ತಡಕಾಡಿದವನಿಗೆ ಅಡಿಯಲ್ಲಿ ಅರ್ಧ ಪೌಂಡಿನಷ್ಟು ಕರಡಿ ಮಾಂಸ ಸಿಕ್ಕಿತು ಎಂದು ಹೇಳುತ್ತಾರೆ. ಹೆಂಡತಿ ಎಲೀನರ್ ಅವನಿಗೆ ತಿಳಿಯದಂತೆ ಇಟ್ಟಿದ್ದಳು, ಜೊತೆಗೆ ಒಂದು ಚೀಟಿ. ಅವಳೂ ಇಬ್ಬರು ಮಕ್ಕಳೂ ಇತ್ತ ಗುಡಿಸಲಿನಲ್ಲಿ ಸತ್ತರು. ತನಗೂ ಮಕ್ಕಳಿಗೂ ಇಲ್ಲದ ಹೊತ್ತಲ್ಲಿ ಆ ಅರ್ಧ ಪೌಂಡನ್ನು ಅವಳು ಯಾವಾಗ ಎತ್ತಿಟ್ಟಳೋ! ಇದನ್ನು ಓದಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಆ ಮಕ್ಕಳಿಗೆ ಎಷ್ಟು ವಯಸ್ಸು?" ದೊಡ್ಡವನಿಗೇ ಮೂರು ವರ್ಷದ ಆಸುಪಾಸು.

ಆಲ್ಡರ್ ಕ್ರೀಕ್‌ನಲ್ಲಿ ಈ ಶತಮಾನದ ಆರಂಭದಲ್ಲಿ ಪುರಾತತ್ತ್ವದವರು ಅಗೆದಾಗ ಒಲೆಯ ಬೂದಿಯ ಸುತ್ತ ಸಣ್ಣ ಸಣ್ಣ ಎಲುಬಿನ ಚೂರುಗಳು ಸಿಕ್ಕವು. ದನ, ಕುದುರೆ, ಜಿಂಕೆ, ನಾಯಿ. ಮನುಷ್ಯರದ್ದು ಎಂದು ಗುರುತಿಸಲಾದದ್ದು ಒಂದೂ ಸಿಗಲಿಲ್ಲ. ಅದರಿಂದ ಅಲ್ಲಿ ನಡೆದದ್ದು ಸುಳ್ಳಾಗುವುದಿಲ್ಲ, ಬೇಯದ ಎಲುಬು ಆ ಮಣ್ಣಿನಲ್ಲಿ ಉಳಿಯುವುದಿಲ್ಲ. ಆದರೆ ಆ ಬೂದಿಯ ಜೊತೆಗೇ ಪಿಂಗಾಣಿ ತಟ್ಟೆಗಳ ಚೂರು ಸಿಕ್ಕಿತು, ಬರೆಯುವ ಸ್ಲೇಟಿನ ಚೂರು ಸಿಕ್ಕಿತು. ಟ್ಯಾಮ್ಸನ್ ಡಾನರ್ ಮೇಡಂ ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದವರು. ಎತ್ತು ಸತ್ತು, ಗಾಡಿ ಹೂತುಹೋದ ಮೇಲೂ ಆ ಟೆಂಟಿನಲ್ಲಿ ಒಂದು ಸ್ಲೇಟು ಇತ್ತು, ತಟ್ಟೆ ಇತ್ತು. ಜನ ಈ ಜಾಗದ ಬಗ್ಗೆ ಏನೋ ಒಂದು ಹೇಳಲೇಬೇಕಾದರೆ ಆ ಸ್ಲೇಟಿನ ಬಗ್ಗೆ ಹೇಳಲಿ ಎನ್ನುವುದು ನನ್ನ ಆಸೆ.

ಇದೇ ದಂಡೆಯಲ್ಲಿ ಎರಡು ವರ್ಷ ಮೊದಲು, 1844ರ ಚಳಿಗಾಲದಲ್ಲಿ, ಒಬ್ಬ ಹುಡುಗ ಒಬ್ಬನೇ ಕಾಲ ಕಳೆದಿದ್ದ. ಮೋಸೆಸ್ ಶಾಲೆನ್‌ಬರ್ಗರ್, ಹದಿನೇಳು ಹದಿನೆಂಟರ ಪ್ರಾಯ. ಈ ಕಣಿವೆಯಲ್ಲಿ ಮೊದಲ ಸಲ ಗಾಡಿ ದಾಟಿಸಿದ ತಂಡದವನು. ಬಿಟ್ಟುಹೋದ ಸಾಮಾನು ಕಾಯಲು ಗುಡಿಸಲು ಕಟ್ಟಿಕೊಂಡು ಇಬ್ಬರ ಜೊತೆ ಉಳಿದ. ಹಿಮ ಏರಿದಾಗ ಇನ್ನಿಬ್ಬರು ದಾಟಿದರು, ಇವನ ಕಾಲು ಸೋತಿತು. ಬೋನು ಇಟ್ಟು ನರಿ ಹಿಡಿದು ತಿಂದು ಬದುಕಿದ. ತೋಳನಂಥ ಕಾಯೋಟಿಗಳೂ ಬಿದ್ದವು, ಆದರೆ ಅವನ್ನು ಹೇಗೆ ಬೇಯಿಸಿದರೂ ಬಾಯಿಗಿಡಲಾಗಲಿಲ್ಲವಂತೆ. ಫೆಬ್ರವರಿಯಲ್ಲಿ ಗೆಳೆಯನೊಬ್ಬ ಬೆಟ್ಟ ದಾಟಿ ಬಂದು ಕರೆದೊಯ್ದ. ಮುಂದೆ ಬ್ರೀನ್ ಕುಟುಂಬ ಹೊಕ್ಕದ್ದು ಆ ಹುಡುಗನ ಗುಡಿಸಲನ್ನೇ. ಒಂಬತ್ತು ಜನರ ಆ ಕುಟುಂಬದಲ್ಲಿ ಒಬ್ಬರೂ ಸಾಯಲಿಲ್ಲ. ಆಗ ಕೈಗೂಸಾಗಿದ್ದ ಇಸಬೆಲ್ಲಾ ಬ್ರೀನ್ 1935ರವರೆಗೆ ಬದುಕಿದ್ದರು. ಸ್ಮಾರಕ ನಿಂತಿರುವುದು ಆ ಗುಡಿಸಲಿದ್ದ ಜಾಗದಲ್ಲೇ.

ಮಾರನೆಯ ದಿನ ನಾವು ಹಳೆಯ ಹೈವೇ 40 ಹಿಡಿದು ಮೇಲೆ ಹೋದೆವು. 1926ರ ರೇನ್‌ಬೋ ಬ್ರಿಜ್ ಹತ್ತಿರ ಕಾರು ನಿಲ್ಲಿಸಿದರೆ ಇಡೀ ಸರೋವರ ಕೆಳಗೆ ಅಂಗೈಯಲ್ಲಿದ್ದಂತೆ ಕಾಣುತ್ತದೆ. ಅಲ್ಲಿ ನೀರು ನೋಡಿ ಫೋಟೊ ತೆಗೆದು ಹೋಗುವವರೇ ಹೆಚ್ಚು. ಎದುರಿನ ಬೆಟ್ಟದ ಮೈ ನೋಡಬೇಕು. ಎರಡು ಸುರಂಗಗಳ ನಡುವೆ, ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ ಎತ್ತರದ ಗೋಡೆ. ಚೈನಾ ವಾಲ್. ಅಮೆರಿಕದ ಎರಡು ತುದಿ ಸೇರಿಸಿದ ರೈಲುದಾರಿಗಾಗಿ ಚೀನೀ ಕೆಲಸಗಾರರು ಕಟ್ಟಿದ್ದು. ಹತ್ತಿರದ ನೆತ್ತಿಯ ಸುರಂಗದ ಉದ್ದ 1,659 ಅಡಿ, ಪೂರ್ತಿ ಗ್ರಾನೈಟ್. ಕೈಯಲ್ಲಿ ಉಳಿ ಹಿಡಿದು, ಸುತ್ತಿಗೆಯಲ್ಲಿ ಹೊಡೆದು ತೂತು ಕೊರೆದು, ಮದ್ದು ತುಂಬಿ ಸಿಡಿಸುವುದು. ದಿನಕ್ಕೆ ಒಂದು ಅಡಿ ಸಾಗಿದರೆ ಹೆಚ್ಚು. ಕೊನೆಗೆ ಅಲ್ಲೇ ನೈಟ್ರೋಗ್ಲಿಸರಿನ್ ತಯಾರಿಸಿ ಸಿಡಿಸಿದರು. 1867ರಲ್ಲಿ ಸುರಂಗ ಕೂಡಿಕೊಂಡಿತು. 1866–67ರ ಚಳಿಗಾಲದಲ್ಲಿ 44 ಹಿಮಬಿರುಗಾಳಿ ಬಂದವು. ಜನ ಹಿಮದೊಳಗೇ ಬಿಲ ತೋಡಿಕೊಂಡು, ಬಿಲದಿಂದ ಸುರಂಗಕ್ಕೆ, ಸುರಂಗದಿಂದ ಬಿಲಕ್ಕೆ ಓಡಾಡಿದರು. ಹಿಮಕುಸಿತದಲ್ಲಿ ಸತ್ತವರನ್ನು ಎಷ್ಟೋ ಸಲ ವಸಂತದವರೆಗೆ ಎತ್ತಲೂ ಆಗಲಿಲ್ಲ.

ಅದೇ ಬೆಟ್ಟ, ಅಷ್ಟೇ ಕ್ರೂರವಾದ ಹಿಮ, ಇಪ್ಪತ್ತೇ ವರ್ಷದ ಅಂತರ. ಈ ಜನ ತಮ್ಮ ಅಡುಗೆಯವರನ್ನು ಜೊತೆಗಿಟ್ಟುಕೊಂಡಿದ್ದರು. ಅಕ್ಕಿ, ಒಣಮೀನು, ಒಣಗಿಸಿದ ತರಕಾರಿ ಅಣಬೆ ತರಿಸಿಕೊಳ್ಳುತ್ತಿದ್ದರು. ಕುದಿಸಿದ ಚಹಾ ದಿನವಿಡೀ ಕೆಲಸದ ಜಾಗಕ್ಕೇ ಬರುತ್ತಿತ್ತು. ತಣ್ಣೀರು ಕುಡಿದ ಬಿಳಿಯ ಕೂಲಿಗಳಿಗೆ ಹೊಟ್ಟೆ ಕೆಟ್ಟಾಗ ಇವರು ಗಟ್ಟಿಯಾಗಿದ್ದರು. ಆದರೆ ಬಿಳಿಯರಿಗೆ ಕಂಪನಿಯೇ ಊಟ ಕೊಡುತ್ತಿತ್ತು, ಇವರು ಕಡಿಮೆ ಕೂಲಿಯಲ್ಲಿ ತಮ್ಮ ಊಟ ತಾವೇ ಕೊಳ್ಳಬೇಕಿತ್ತು. 1867ರ ಜೂನ್‌ನಲ್ಲಿ ಸಾವಿರಾರು ಮಂದಿ ಸಮಾನ ಕೂಲಿ ಕೇಳಿ ಕೆಲಸ ನಿಲ್ಲಿಸಿ ಶಾಂತವಾಗಿ ಬಿಡಾರಗಳಲ್ಲಿ ಕೂತರು. ರೈಲು ಕಂಪನಿಯ ಚಾರ್ಲ್ಸ್ ಕ್ರಾಕರ್ ಬೆಟ್ಟಕ್ಕೆ ಹೋಗುವ ಆಹಾರ ಸಾಮಾನನ್ನೇ ತಡೆಹಿಡಿದ. ಒಂದು ವಾರದಲ್ಲಿ ಮುಷ್ಕರ ಮುರಿಯಿತು. 1846ರಲ್ಲಿ ಈ ಬೆಟ್ಟದಲ್ಲಿ ಹಿಮ ಹಸಿವು ತಂದಿತ್ತು, 1867ರಲ್ಲಿ ಅದನ್ನು ಮನುಷ್ಯ ಲೆಕ್ಕಹಾಕಿ ತಂದ. ಕೆಳಗಿನ ಸ್ಮಾರಕದಲ್ಲಿ ಈ ಜನರ ಕಂಚಿನ ಮೂರ್ತಿ ಇಲ್ಲ. ಸಂದರ್ಶಕರ ಕೇಂದ್ರದಲ್ಲಿ ಈಗ ಅವರ ಕಥೆ ಇದೆ, ವಾಷೋ ಜನರ ಕಥೆಯೂ ಇದೆ. ನಾವು ಅಲ್ಲಿ ತುಂಬ ಹೊತ್ತು ಕಳೆದೆವು. 1993ರಲ್ಲಿ ರೈಲು ಆ ಹಳೆಯ ಸುರಂಗದ ದಾರಿ ಬಿಟ್ಟು ಬೇರೆ ದಾರಿ ಹಿಡಿಯಿತು, ಗೋಡೆ ಮಾತ್ರ ಒಂದು ಕಲ್ಲೂ ಜರುಗದೆ ನಿಂತಿದೆ.

ಇಷ್ಟು ಹಿಮ ಇಲ್ಲೇ ಯಾಕೆ ಎಂದು ಮಗಳು ಕೇಳಿದಾಗ ಉತ್ತರ ಹೇಳಿದ್ದು ಅಜ್ಜಿ. ಪಶ್ಚಿಮದ ಸಮುದ್ರದಿಂದ ಬರುವ ಮೋಡ ಬೆಟ್ಟಕ್ಕೆ ತಡೆದು ಸುರಿಯುತ್ತದೆ, ಬೆಟ್ಟ ದಾಟಿದ ಮೇಲೆ ಒಣ. ಆಗುಂಬೆಯಲ್ಲಿ ಸುರಿದು ಚಿತ್ರದುರ್ಗದ ಕಡೆ ಬರಿಗೈಯಲ್ಲಿ ಹೋಗುವ ಮುಂಗಾರಿನ ಲೆಕ್ಕವೇ ಇದು. ಇಲ್ಲಿ ಚಳಿಗಾಲವಾದ್ದರಿಂದ ಹಿಮ. ಕಣಿವೆಯ ಹತ್ತಿರ 1946ರಿಂದ ಹಿಮ ಅಳೆಯುವ ಪ್ರಯೋಗಾಲಯವಿದೆ. 2022–23ರ ಚಳಿಗಾಲದಲ್ಲಿ ಅಲ್ಲಿ ಒಟ್ಟು 754 ಇಂಚು ಬಿತ್ತು, ಅಂದರೆ ಸುಮಾರು 63 ಅಡಿ. 1952ರ ಜನವರಿಯಲ್ಲಿ ಕಣಿವೆಯ ಪಶ್ಚಿಮಕ್ಕೆ 226 ಜನರಿದ್ದ ರೈಲೇ ಹಿಮದಲ್ಲಿ ಹೂತು ಮೂರು ದಿನ ನಿಂತಿತ್ತು. ಆ ಹಿಮ ಕರಗಿದ ನೀರಿನಲ್ಲೇ ಕೆಳಗೆ ಬಯಲಿನ ಬತ್ತ ಬಾದಾಮಿ ಬೆಳೆಯುವುದು. ಆದರೆ ನಮ್ಮ ಟೆಂಟಿನ ಪಕ್ಕದ ತೊರೆ ಆ ಕಡೆ ಹೋಗುವುದಿಲ್ಲ. ಪೂರ್ವಕ್ಕೆ ಹರಿದು ಟ್ರಕೀ ನದಿ ಸೇರಿ, ರೀನೊ ದಾಟಿ, ನೆವಾಡದ ಮರುಭೂಮಿಯಲ್ಲಿ ಪಿರಮಿಡ್ ಲೇಕಿಗೆ ಬಿದ್ದು ಅಲ್ಲೇ ನಿಲ್ಲುತ್ತದೆ. ಸಮುದ್ರ ಮುಟ್ಟದ ನದಿ ಎಂದರೆ ಅಮ್ಮನಿಗೆ ಆಶ್ಚರ್ಯವೋ ಆಶ್ಚರ್ಯ, ಆ ಸಂಜೆಯೆಲ್ಲ ಅದನ್ನೇ ಕೇಳಿದರು.

ಹೋಗುವವರಿಗೆ ಒಂದೆರಡು ಮಾತು. ಕ್ಯಾಂಪ್‌ಗ್ರೌಂಡ್ ಬೇಸಿಗೆಯಲ್ಲಿ ಮಾತ್ರ, ಹಿಮ ಕರಗುವುದನ್ನು ನೋಡಿಕೊಂಡು ತೆರೆಯುತ್ತಾರೆ. ರಾಜ್ಯದ ಪಾರ್ಕುಗಳ ವೆಬ್‌ಸೈಟಿನಲ್ಲಿ ಆರು ತಿಂಗಳ ಮುಂಚೆ ಜಾಗ ಬಿಡುತ್ತಾರೆ, ಶನಿವಾರ ಭಾನುವಾರದ ಆಸೆ ಬಿಟ್ಟರೆ ಸುಲಭವಾಗಿ ಸಿಗುತ್ತದೆ. ಸೌದೆಯನ್ನು ಮನೆಯಿಂದ ಒಯ್ಯಬೇಡಿ, ಅದರ ಜೊತೆ ಮರ ಕೊರೆಯುವ ಹುಳು ಬೇರೆ ಕಾಡಿಗೆ ಹೋಗುತ್ತದೆ, ಅಲ್ಲೇ ಕೊಳ್ಳಿ. ಒಣಗಾಳಿಯ ದಿನಗಳಲ್ಲಿ ಬೆಂಕಿ ಹಾಕುವುದನ್ನೇ ನಿಷೇಧಿಸುತ್ತಾರೆ, ಒಂದು ಸ್ಟವ್ ಜೊತೆಯಲ್ಲಿರಲಿ. ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ, ಅಂತ್ಯಾಕ್ಷರಿ ಅದಕ್ಕೆ ಮುಂಚೆಯೇ ಮುಗಿಸಿ. ಮಕ್ಕಳಿದ್ದರೆ ಮರ್ಫಿ ಬಂಡೆಯ ಹತ್ತಿರ ಮಧ್ಯಾಹ್ನದ ಊಟಕ್ಕೆ ಮುಂಚೆ ಕರೆದುಕೊಂಡು ಹೋಗಿ. ಸ್ಟ್ಯಾಂಟನ್‌ನ ವಿಷಯ, ಬ್ರೀನನ ಕೈಗೆ ಬಂದ ಗೆಡ್ಡೆಗಳ ವಿಷಯ ಅಲ್ಲೇ ಹೇಳಿ. ಹೊಟ್ಟೆ ತುಂಬಿದ ಮೇಲೆ ಹೇಳಿದರೆ ಮಕ್ಕಳು ಕರಡಿಯ ಬಗ್ಗೆ ಮಾತ್ರ ಕೇಳುತ್ತಾರೆ. ಸ್ವಲ್ಪ ಹಸಿದಾಗ ಹೇಳಿದ್ದಕ್ಕೆ ನನ್ನ ಮಗಳು ಕೇಳಿದ್ದು, ಗೆಡ್ಡೆ ಕೊಟ್ಟವನು ಆವತ್ತು ಊಟ ಮಾಡಿದ್ದನಾ ಎಂದು.